ಮೊದಲು ಯಾರು ನಗಬೇಕು

ಮೊನ್ನೆ ರವಿವಾರ ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ಒಬ್ಬಳೇ ಕೂತು, ಧಾರವಾಡದಿಂದ ಟಪಾಲಿನಲ್ಲಿ ಬಂದ ಒಂದು ನಗೆಪುಸ್ತಕ ಓದುತ್ತಿದ್ದೆ. ಮನೆಯವರು ಬೀಜದ ಜೋಳ ನೋಡಿ ಬರಲು ಕೋಡ್ಲಾಕ್ಕೆ ಹೋಗಿದ್ದರು. ಓದುತ್ತ ಓದುತ್ತ ಒಂದು ಕಡೆ ನಿಜವಾಗಿಯೂ ನಗುವಂಥ ಮಾತು ಬಂತು. ನಗೆ ಗಂಟಲಿನ ತನಕ ಬಂತು. ಬಂದದ್ದನ್ನು ಅಲ್ಲಿಯೇ ತಡೆದು, ತಲೆಯೆತ್ತಿ ಬಲಗಡೆ ನೋಡಿದೆ. ಬಲಗಡೆ ಇದ್ದದ್ದು ಜೋಳದ ಚೀಲ. ಅದು ನಗಲಿಲ್ಲ. ನಾನೂ ನುಂಗಿಕೊಂಡು ಮುಂದಿನ ಪುಟ ತಿರುವಿದೆ.

ಇದನ್ನು ಓದಿ ನೀವು ನನ್ನನ್ನು ಅರೆಹುಚ್ಚಿ ಎಂದುಕೊಳ್ಳಬೇಡಿ. ಚಿತ್ತಾಪುರದಲ್ಲಿ ಹುಟ್ಟಿ ಬೆಳೆದ ನನ್ನ ವಯಸ್ಸಿನವರು ಯಾರಾದರೂ ಸಿಕ್ಕರೆ ಅವರಿಗೊಂದು ಚುಟುಕು ಹೇಳಿ ನೋಡಿ. ಅವರ ಕಣ್ಣು ಮೊದಲು ಬಲಗಡೆ ಹೋಗುತ್ತದೆ. ಅಲ್ಲಿ ಯಾರಾದರೂ ದೊಡ್ಡವರು ನಕ್ಕಿದ್ದು ಖಾತ್ರಿಯಾದ ಮೇಲೆ ಬಾಯಿ ತೆರೆಯುತ್ತದೆ. ಉಳಿದ ಊರುಗಳಲ್ಲಿ ಮಕ್ಕಳಿಗೆ ಹಲ್ಲು ಬಂದ ಮೇಲೆ ನಗಲು ಕಲಿಸಬೇಕಿಲ್ಲ. ನಮ್ಮೂರಲ್ಲಿ ಕಲಿಸಬೇಕು.

ಅದಿರಲಿ, ಪುಸ್ತಕದ ಮಾತು ಎತ್ತಿದ್ದೇನೆ, ಅದನ್ನು ಮುಗಿಸಿಬಿಡುತ್ತೇನೆ. ಪುಸ್ತಕಕ್ಕೆ ಒಬ್ಬ ಪಂಡಿತರ ಮುನ್ನುಡಿಯಿದೆ. ಅವರು ನಗೆಯನ್ನು ಹೊಲ ಸರ್ವೆ ಮಾಡಿದಂತೆ ತುಂಡು ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಸಂಸ್ಕೃತದ ಹೆಸರಿಟ್ಟು, ಸುತ್ತಲೂ ಎಲ್ಲೆಕಲ್ಲು ನೆಟ್ಟಿದ್ದಾರೆ. ಪಾಪ, ಒಳಗೆ ಹೋಗಲು ಬಂಡಿದಾರಿ ಬಿಡುವುದನ್ನು ಮರೆತಿದ್ದಾರೆ. ಪುಸ್ತಕ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅತ್ತೆ ಸೊಸೆಯ ಜಗಳದ ಅಧ್ಯಾಯ ಚೆನ್ನಾಗಿಯೇ ಇದೆ. ಆದರೆ ಬರೆದವರು ಗಂಡಸರಾದ್ದರಿಂದ ಅದರಲ್ಲಿ ಅತ್ತೆ ಸೊಸೆ ಇಬ್ಬರೂ ಗಂಡಸರಂತೆ ಜಗಳಾಡುತ್ತಾರೆ. ಒಂದೇ ವಿಷಯಕ್ಕೆ ಒಂದೇ ಸಲ ಕೂಗಾಡಿ, ಮುಗಿಸಿ, ಊಟಕ್ಕೆ ಕೂಡುತ್ತಾರೆ. ನಾನು ಕಂಡ ಯಾವ ಅತ್ತೆ ಸೊಸೆಯೂ ಅಷ್ಟು ಅಗ್ಗಕ್ಕೆ ಬಿಟ್ಟವರಲ್ಲ.

ಆಟಗಳ ವಿಷಯಕ್ಕೆ ಬಂದರೆ, ಈ ವರ್ಷ ನಾನು ನೋಡಿದ ನಗೆನಾಟಕಗಳಲ್ಲಿ ಶಹಾಬಾದಿನ ಕೆಲವು ಉತ್ಸಾಹಿಗಳು ಆಡಿದ್ದಕ್ಕೆ ಊರು ಸುಧಾರಿಸುವ ಹುಮ್ಮಸ್ಸು ಬಹಳ. ಕುಡುಕನ ಪಾತ್ರದವನು ಬಿದ್ದು ಎದ್ದು ನಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ. ನಕ್ಕು ಮುಗಿಯುವಷ್ಟರಲ್ಲಿ ಅವರ ಸಂಘದ ಕಾರ್ಯದರ್ಶಿಯವರು ರಂಗದ ಮೇಲೆ ಬಂದು, ನೀವು ಈಗ ನಕ್ಕಿದ್ದು ದೇಶದ ದುರ್ಗತಿಯನ್ನು ನೋಡಿ, ನಿಮಗೆ ನಾಚಿಕೆಯಾಗಬೇಕು ಎಂದು ಭಾಷಣ ಮಾಡಿದರು. ಪ್ರತಿ ಸೀನಿಗೂ ಹೀಗೆಯೇ. ಕೊನೆ ಕೊನೆಗೆ ಜನ ಕುಡುಕ ಬಂದಾಗ ಮುಖ ಬಿಗಿದುಕೊಂಡು, ಕಾರ್ಯದರ್ಶಿ ಬಂದಾಗ ನಗತೊಡಗಿದರು. ಮಳಖೇಡದಲ್ಲಿ ಕೋಟೆಯ ಮಗ್ಗುಲಿಗೆ ಆಡಿದ ಆಟದಲ್ಲಿ ಯಾರಿಗೂ ಮಾತು ಬಾಯಿಪಾಠವಾಗಿರಲಿಲ್ಲ. ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವನ ದನಿ ಮಾತ್ರ ಕಾಗಿಣಾ ನದಿಯ ಆಚೆ ದಂಡೆಗೂ ಕೇಳುತ್ತಿತ್ತು. ನನ್ನ ಅಭಿಪ್ರಾಯದಲ್ಲಿ ಆ ಆಟದ ಒಳ್ಳೆಯ ನಟ ಅವನೇ. ಇನ್ನು ವಾಡಿ ಜಂಕ್ಷನ್ನಿನ ಆಟಗಳ ಕಥೆಯೇ ಬೇರೆ. ಅಲ್ಲಿ ನೋಡುವವರಲ್ಲಿ ಅರ್ಧ ಜನ ಗಾಡಿ ಬದಲಿಸಲು ಇಳಿದವರು. ಸೀಟಿ ಕೇಳಿದ ಕೂಡಲೇ ಗಂಟು ಎತ್ತಿಕೊಂಡು ಓಡುತ್ತಾರೆ. ಆ ಗಾಡಿಯಿಂದ ಇಳಿದವರು ಬಂದು ಕೂಡುತ್ತಾರೆ. ಹೊಸಬರಿಗೆ ತಿಳಿಯಲೆಂದು ಕಥೆಯನ್ನು ಮತ್ತೆ ಮೊದಲಿನಿಂದ ಸ್ವಲ್ಪ ಆಡಬೇಕು. ವಾಡಿಯಲ್ಲಿ ಇಂದಿಗೂ ಯಾವ ನಾಟಕದ ಕೊನೆಯನ್ನೂ ಯಾರೂ ನೋಡಿಲ್ಲವೆಂದು ಹೇಳುತ್ತಾರೆ.

ಆದರೂ ಈ ಎಲ್ಲ ಊರುಗಳಲ್ಲಿ ಜನ ನಗೆ ಬಂದಾಗ ನಗುತ್ತಾರೆ. ಚಿತ್ತಾಪುರದಲ್ಲಿ ಹಾಗಿರಲಿಲ್ಲ. ಅಲ್ಲಿ ನಗೆಗೆ ಒಂದು ಶಿಸ್ತು ಇತ್ತು, ಮತ್ತು ಆ ಶಿಸ್ತಿನಲ್ಲಿ ನಮ್ಮ ಮನೆತನಕ್ಕೆ ಒಂದು ಸ್ಥಾನವಿತ್ತು.

ನಮ್ಮಪ್ಪ ಗುರುಲಿಂಗಪ್ಪ ಚಿತ್ತಾಪುರದ ತಹಸೀಲ ಕಚೇರಿಯಲ್ಲಿ ಮುನ್ಶಿ. ಬೆಳಿಗ್ಗೆ ಪೂಜೆಗೆ ಕೂತಾಗ ಕನ್ನಡದ ವಚನ, ಕಚೇರಿಗೆ ಹೋದ ಮೇಲೆ ಉರ್ದು. ನಿಜಾಮರ ಕಾಲದ ಹಳೆಯ ತಹಸೀಲದಾರ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ನಾಟಕದ ಹುಚ್ಚು ಬಹಳ. ಸುಗ್ಗಿ ಮುಗಿದು ನಾಟಕ ಕಂಪನಿ ಬಂದಾಗಲೆಲ್ಲ ಮುಂದಿನ ಸಾಲಿನ ನಡುವೆ ಅವರ ಕುರ್ಚಿ. ಕುರ್ಚಿಯ ಬಲಗಡೆ ಒಂದು ಸ್ಟೂಲು, ಅದರ ಮೇಲೆ ನಮ್ಮಪ್ಪ. ರಂಗದ ಮೇಲೆ ಹಾಸ್ಯದವನು ಒಂದು ಮಾತು ಆಡಿದ ಕೂಡಲೇ ಅಪ್ಪ ಸಾಹೇಬರ ಕಿವಿಯ ಕಡೆ ಬಾಗಿ ಅದನ್ನು ಉರ್ದುವಿನಲ್ಲಿ ಹೇಳಬೇಕು. ಸಾಹೇಬರು ಕೇಳಿ, ವಿಚಾರ ಮಾಡಿ, ‘ಅಚ್ಛಾ’ ಎಂದು ನಗುತ್ತಿದ್ದರು. ಆಮೇಲೆ ಅಪ್ಪ ನಗಬೇಕು. ಅಪ್ಪ ನಕ್ಕದ್ದು ಕಂಡ ಮೇಲೆ ಗೌಡರು, ಸಾಹುಕಾರರು, ಅವರ ಹಿಂದೆ ಗುಮಾಸ್ತರು, ಕಡೆಗೆ ನೆಲದ ಮೇಲೆ ಕೂತ ಬಂಡಿ ಹೊಡೆಯುವವರು. ಸಾಹೇಬರಿಗಿಂತ ಮೊದಲು ನಕ್ಕರೆ ಸಾಹೇಬರನ್ನು ನೋಡಿಯೇ ನಕ್ಕಂತಾಗುತ್ತದೆಂದು ಊರಿನ ಭಯ. ಆ ಭಯಕ್ಕೆ ಮನೆಯಲ್ಲಿ ಹೆಣ್ಣುಮಕ್ಕಳೂ ಬಲಗಡೆಯ ದೊಡ್ಡವರನ್ನು ನೋಡಿಯೇ ನಗುವುದು ಕಲಿತಿದ್ದೆವು. ಕಾಯಿದೆ ಎಲ್ಲಿಯೂ ಇರಲಿಲ್ಲ. ಕಾಯಿದೆ ಇದ್ದಿದ್ದರೆ ಯಾರಾದರೂ ಮುರಿಯುತ್ತಿದ್ದರು.

ಹೀಗಾಗಿ ಚಿತ್ತಾಪುರದಲ್ಲಿ ನಗೆಯೆಂಬುದು ವಾಡಿಯಲ್ಲಿ ಗಾಡಿ ಬದಲಿಸಿ ಬಂದಂತೆ ಬರುತ್ತಿತ್ತು. ಬರುವುದು ಖಂಡಿತ, ಆದರೆ ತಡ. ಕಂಪನಿಗಳ ಹಾಸ್ಯದವರಿಗೆ ಇದು ಗೊತ್ತಿತ್ತು. ಮಾತು ಆಡಿ, ತಲೆಯ ಪಟಗಾ ಬಿಚ್ಚಿ ಕಟ್ಟಿ, ಧೋತರ ಸರಿಪಡಿಸಿಕೊಂಡು, ನಗೆ ಬಂದು ಮುಟ್ಟಿದ ಮೇಲೆ ಮುಂದಿನ ಮಾತಿಗೆ ಬಾಯಿ ತೆರೆಯುತ್ತಿದ್ದರು. ಇದರಲ್ಲಿ ಎಲ್ಲರಿಗಿಂತ ಪಳಗಿದವನು ಚಿಂಚೋಳಿ ಕಡೆಯ ಚನ್ನಮಲ್ಲ.

ಹೆಂಗಸರು ಕೂಡುತ್ತಿದ್ದದ್ದು ಹಿಂದುಗಡೆ, ಬಿದಿರಿನ ತಟ್ಟಿಯ ಮರೆಗೆ. ಅಲ್ಲಿ ಸಂದಿಗೆ ಕಣ್ಣು ಹಚ್ಚದಿದ್ದರೆ ಸಾಹೇಬರ ಕುರ್ಚಿ ಕಾಣುತ್ತಿರಲಿಲ್ಲ, ಎತ್ತರದ ರಂಗವಷ್ಟೇ ಕಾಣುತ್ತಿತ್ತು. ಆದ್ದರಿಂದ ನಾವು ಮಾತು ಬಿದ್ದ ಕ್ಷಣಕ್ಕೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು ಮುಗಿಸಿರುತ್ತಿದ್ದೆವು. ನಮ್ಮ ನಗೆ ಮುಗಿದು, ಕಣ್ಣು ಒರೆಸಿಕೊಂಡು, ಮಕ್ಕಳ ಮೂಗೂ ಒರೆಸಿದ ಮೇಲೆ ಆಚೆ ಗಂಡಸರ ನಗೆ ಕೇಳಿಸುತ್ತಿತ್ತು. ಗಂಡಸರಿಗೆ ಬುದ್ಧಿ ಸ್ವಲ್ಪ ಮೆಲ್ಲಗೆ ಓಡುತ್ತದೆಂದು ನಾನು ಬಹಳ ದಿನ ನಂಬಿದ್ದೆ. ಈಗಲೂ ಪೂರಾ ಬಿಟ್ಟಿಲ್ಲ.

ಚನ್ನಮಲ್ಲನ ಹೆಸರಾದ ಸೀನು ಅಳಿಯನದು. ಹೊಸ ಅಳಿಯ ಅತ್ತೆಮನೆಗೆ ಬರುತ್ತಾನೆ. ಹೊಟ್ಟೆಯಲ್ಲಿ ಬೆಂಕಿ, ಮೈತುಂಬ ಸಂಕೋಚ. ಅತ್ತೆ ಹೋಳಿಗೆಯ ಮೇಲೆ ತುಪ್ಪ ಸುರಿಯಲು ಬಂದಾಗ ಬೇಡ ಬೇಡ ಎಂದು ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತಾನೆ. ಬೆರಳುಗಳನ್ನು ಮಾತ್ರ ತುಪ್ಪ ಇಳಿಯುವಷ್ಟು ಅಗಲಿಸಿರುತ್ತಾನೆ. ಅತ್ತೆ ನಿಜವೆಂದು ನಂಬಿ ಗಡಿಗೆ ತಿರುಗಿ ಒಯ್ಯುತ್ತಾಳೆ. ಆಗ ಅವನ ಮಾತು:

“ಅತ್ತಿಯವರ, ನಮ್ಮೂರಾಗ ಒಮ್ಮೆ ಬ್ಯಾಡ ಅಂದ್ರ ಹಾಕ್ರಿ ಅಂತ. ಎರಡು ಸಲ ಬ್ಯಾಡ ಅಂದ್ರ ಜಲ್ದಿ ಹಾಕ್ರಿ ಅಂತ.”

“ನಮ್ಮೂರಾಗ ಒಮ್ಮೆ ಬ್ಯಾಡ ಅಂದ್ರ ಗಡಗಿ ತೊಳದು ಬೋರಲ ಇಡ್ತೀವ್ರಿ,” ಎನ್ನುತ್ತಾಳೆ ಅತ್ತೆ.

ಇದನ್ನು ಅಪ್ಪ ಸಾಹೇಬರಿಗೆ ಹೇಳುತ್ತಿದ್ದ ರೀತಿ ಕೇಳಬೇಕು. ಕಚೇರಿಯ ಉರ್ದುವಲ್ಲದೆ ಬೇರೆ ಉರ್ದು ಅವನಿಗೆ ಬರುತ್ತಿರಲಿಲ್ಲ. ಅರ್ಜಿ ಏನೆಂದರೆ ಹುಜೂರ್, ಅಳಿಯನಾದವನು ಹಸಿದಿದ್ದಾನೆ. ಹಸಿದಿದ್ದರೂ ಬೇಡವೆಂದು ಜಬಾಬು ಕೊಟ್ಟಿದ್ದಾನೆ. ಸದರಿ ಜಬಾಬಿನ ಮೇರೆಗೆ ಅತ್ತೆಯಾದವಳು ತುಪ್ಪವನ್ನು ಜಪ್ತು ಮಾಡಿದ್ದಾಳೆ. ಹೀಗೆ ಹೇಳಿದರೂ ಸಾಹೇಬರು ನಗುತ್ತಿದ್ದರು. ಅವರು ದೊಡ್ಡ ಮನಸ್ಸಿನವರು.

ಪೊಲೀಸ್ ಆ್ಯಕ್ಷನ್ ಆಯಿತು. ಹಳೆಯ ಸಾಹೇಬರು ಹೈದರಾಬಾದಿಗೆ ಹೋದರು. ಊರಲ್ಲಿ ಝಂಡಾ ಬದಲಾಯಿತು, ಟೋಪಿ ಬದಲಾದವು, ಕಚೇರಿಗೆ ಮದರಾಸ ಕಡೆಯ ಹೊಸ ತಹಸೀಲದಾರರು ಬಂದರು. ಅವರಿಗೆ ಇಂಗ್ಲಿಷ್, ತಮಿಳು, ತೆಲುಗು ಬರುತ್ತಿದ್ದವು. ಅಪ್ಪನಿಗೆ ಈ ಮೂರರಲ್ಲಿ ಒಂದೂ ಬರುತ್ತಿರಲಿಲ್ಲ. ಇಷ್ಟೆಲ್ಲ ಬದಲಾದರೂ ಮೊದಲು ಯಾರು ನಗಬೇಕೆಂಬುದನ್ನು ಮಾತ್ರ ಯಾರೂ ತೀರ್ಮಾನಿಸಿರಲಿಲ್ಲ. ಸ್ವಾತಂತ್ರ್ಯ ಬಂದಾಗ ಇಂಥ ಚಿಲ್ಲರೆ ವಿಷಯಗಳು ಉಳಿದುಬಿಡುತ್ತವೆ.

ಆ ಸುಗ್ಗಿಯ ನಂತರ ಕಂಪನಿ ಬಂತು. ಆಗ ನನಗೆ ಲಗ್ನದ ಮಾತು ನಡೆಯುತ್ತಿದ್ದ ವಯಸ್ಸು. ಮುಂದಿನ ಸಾಲಿನ ನಡುವೆ ಹೊಸ ಸಾಹೇಬರು, ಬಲಗಡೆ ಸ್ಟೂಲಿನ ಮೇಲೆ ರೂಢಿಯಂತೆ ಅಪ್ಪ. ಚನ್ನಮಲ್ಲ ಬೆರಳು ಅಗಲಿಸಿದ, ಮಾತು ಆಡಿದ. ಅಪ್ಪ ಬಾಗಿ ಉರ್ದುವಿನಲ್ಲಿ ನಿವೇದಿಸಿದ. ಸಾಹೇಬರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಇಬ್ಬರೂ ಒಬ್ಬರಿಗೊಬ್ಬರು ಗೌರವದಿಂದ ತಲೆಯಾಡಿಸಿದರು. ಬಿಳಿ ಟೋಪಿಯ ಹೊಸ ಮುಖಂಡರು ಗೌಡರನ್ನು ನೋಡಿದರು. ತಾನು ಮೊದಲು ನಕ್ಕರೆ ಇನ್ನೂ ಹಳೆಯ ದರ್ಪ ಹೋಗಿಲ್ಲ ಎಂದಾರೆಂದು ಗೌಡರು ಛಾವಣಿ ನೋಡಿದರು. ಚನ್ನಮಲ್ಲ ಪಟಗಾ ಬಿಚ್ಚಿ ಕಟ್ಟಿದ, ಧೋತರ ಸರಿಪಡಿಸಿದ, ಮತ್ತೆ ಪಟಗಾ ಬಿಚ್ಚಿದ. ನಗೆ ಬರಲೇ ಇಲ್ಲ. ತಟ್ಟಿಯ ಹಿಂದೆ ನಾವು ಮಾತ್ರ ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದೆವು.

ಮರುದಿನ ಇದಕ್ಕೊಂದು ಉಪಾಯ ಹುಡುಕಿದರು. ಸೇಡಂ ಗಡಿಯ ಕಡೆ ಕಂದಾಯ ನೋಡಿಕೊಳ್ಳುತ್ತಿದ್ದ ಒಬ್ಬ ಗಿರ್ದಾವರನಿಗೆ ಉರ್ದುವೂ ಬರುತ್ತಿತ್ತು, ತೆಲುಗೂ ಬರುತ್ತಿತ್ತು. ಅವನನ್ನು ಎಡಗಡೆ ಕೂಡಿಸಿದರು. ಅಪ್ಪ ಕನ್ನಡದ್ದನ್ನು ಉರ್ದುವಿನಲ್ಲಿ ಗಿರ್ದಾವರನಿಗೆ ಹೇಳುವುದು, ಗಿರ್ದಾವರ ಅದನ್ನು ತೆಲುಗಿನಲ್ಲಿ ಸಾಹೇಬರಿಗೆ ಹೇಳುವುದು. ಗಿರ್ದಾವರನಿಗೆ ಕನ್ನಡ ಕೂಡ ಚೆನ್ನಾಗಿ ಬರುತ್ತಿತ್ತು, ನೇರವಾಗಿಯೇ ಹೇಳಬಹುದಿತ್ತು. ಆದರೆ ಕಚೇರಿಯಲ್ಲಿ ಮುನ್ಶಿಯನ್ನು ದಾಟಿ ಒಂದು ಕಾಗದವೂ ಮೇಲೆ ಹೋದದ್ದಿಲ್ಲ. ನಗೆ ಹೇಗೆ ಹೋದೀತು?

ಅಳಿಯನ ಸೀನು ಬಂತು, ಹೋಯಿತು. ಇವರ ತರ್ಜುಮೆ ನಡೆದೇ ಇತ್ತು. ನಡುವೆ ‘ಜಪ್ತು’ ಎಂದರೆ ಯಾರು ಜಪ್ತು ಮಾಡಿದರು, ಕಾಯಿದೆಯ ಯಾವ ಕಲಮಿನ ಮೇಲೆ ಎಂದು ಸಾಹೇಬರು ಕೇಳಿದರೆಂದೂ, ಅದಕ್ಕೆ ಉತ್ತರ ಅದೇ ದಾರಿಯಲ್ಲಿ ಹೋಗಿ ಬಂತೆಂದೂ ಆಮೇಲೆ ತಿಳಿಯಿತು. ಅಷ್ಟರಲ್ಲಿ ರಂಗದ ಮೇಲೆ ಕಂಪನಿಯ ಮಾಲಕರ ಹೆಂಡತಿ ಬಂದಿದ್ದರು. ಆ ನಾಟಕದ ನಾಯಕಿ ಅವರು. ಸತ್ತ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅವರು ದೇವರನ್ನು ಕೇಳುತ್ತಿದ್ದಾಗ ಸಾಹೇಬರಿಗೆ ತುಪ್ಪದ ಗಡಿಗೆ ಬೋರಲು ಇಟ್ಟದ್ದು ತಿಳಿಯಿತು. ಅವರು ನಕ್ಕರು. ಅಪ್ಪ ನಕ್ಕ. ಒಂದು ದಿನ ಹಸಿದಿದ್ದ ಊರು, ಗೌಡರಿಂದ ಹಿಡಿದು ಬಂಡಿಯವರ ತನಕ, ಚಪ್ಪಾಳೆ ಹೊಡೆದು ನಕ್ಕಿತು. ನಾಯಕಿ ಕೂಸನ್ನು ಅಲ್ಲಿಯೇ ಬಿಟ್ಟು ಒಳಗೆ ಹೋದರು. ಕೂಸು ಅರಿವೆಯ ಗಂಟು, ಅದಕ್ಕೇನೂ ಆಗಲಿಲ್ಲ.

ಮಾಲಕರ ಸಿಟ್ಟು ಸಾಹೇಬರ ಮೇಲೆ ಹೋಗುವಂತಿರಲಿಲ್ಲ, ಊರಿನ ಮೇಲೂ ಹೋಗುವಂತಿರಲಿಲ್ಲ. ಅದು ಚನ್ನಮಲ್ಲನ ಮೇಲೆ ಬಂತು. ಇವತ್ತಿನ ಆಟದಲ್ಲಿ ನಿನ್ನ ನಗೆ ನಿನ್ನ ಸೀನಿನಲ್ಲಿಯೇ ಬರಬೇಕು, ಇಲ್ಲದಿದ್ದರೆ ಟ್ರಂಕು ಎತ್ತಿಕೊಂಡು ಟೇಶನ್ನಿಗೆ ನಡೆ ಎಂದು ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಹೇಳಿದರಂತೆ. ಚನ್ನಮಲ್ಲನಿಗೆ ಹೊಲವಿಲ್ಲ, ಊರಲ್ಲಿ ಮನೆಯಿಲ್ಲ. ಹೆಂಡತಿ ಕಂಪನಿಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವನ ಟ್ರಂಕು ಹೊರಗೆ ಬಿದ್ದರೆ ಅವಳ ರೊಟ್ಟಿಯ ಹಂಚೂ ಹೊರಗೆ ಬೀಳಬೇಕು.

ಅವನು ನೆಟ್ಟಗೆ ನಮ್ಮ ಮನೆಗೆ ಬಂದ. ಬಣ್ಣವಿಲ್ಲದ ಅವನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ವಯಸ್ಸಾದ ಮುಖ. ಅವ್ವ ಅವನಿಗೆ ರೊಟ್ಟಿ ಪುಂಡಿಪಲ್ಯ ಬಡಿಸಿದಳು. ಅವನಿಗೆ ಊಟ ಸೇರುತ್ತಿರಲಿಲ್ಲ, ಸಾಕ್ರೀ ಯವ್ವಾ ಎಂದು ಕೈ ಅಡ್ಡ ಹಿಡಿದ. ಅವನ ಸೀನನ್ನು ವರ್ಷಗಟ್ಟಲೆ ನೋಡಿದ ಅವ್ವ ಅದನ್ನು ನಂಬಲಿಲ್ಲ, ಇನ್ನೊಂದು ರೊಟ್ಟಿ ಹಾಕಿದಳು. ಅವನು ಎರಡನೇ ಸಲ ಸಾಕು ಎಂದಾಗ ಇನ್ನೂ ಜಲ್ದಿ ಹಾಕಿದಳು. ನಿಜವಾಗಿಯೂ ಸಾಕು ಎಂದು ಹೇಳುವ ಮಾರ್ಗವೇ ಅವನಿಗೆ ಉಳಿದಿರಲಿಲ್ಲ.

ಉಂಡು ಕೈ ತೊಳೆದು ಅಪ್ಪನ ಮುಂದೆ ಕೂತು ಹೇಳಿದ: “ಮುನ್ಶಿಯವರ, ನೀವು ನಕ್ಕರ ಊರು ನಗ್ತದ್ರಿ. ಇವತ್ತೊಂದು ದಿನ ನಗ್ರಿ.”

“ಸಾಹೇಬರು ನಗೂಕಿಂತ ಮೊದಲ ನಾ ಹ್ಯಾಂಗ ನಗಲಿ? ಬೇಅದಬಿ ಆಗ್ತದ.”

“ಹಂಗಾದ್ರ ಇಷ್ಟು ವರ್ಷ ನನ್ನ ಮಾತಿಗಿ ನಿಮಗ ನಗಿ ಬಂದೇ ಇಲ್ಲೇನ್ರಿ?”

ಅಪ್ಪ ಮೆಲ್ಲಗೆ ಹೇಳಿದ: “ಗೊತ್ತಿಲ್ಲಪಾ. ನೀ ಮಾತಾಡಾಗ ನಾ ಅದನ್ನ ಉರ್ದುದಾಗ ಹ್ಯಾಂಗ ಹೇಳಬೇಕಂತ ವಿಚಾರ ಮಾಡ್ಲಿಕತ್ತಿರ್ತಿದ್ದೆ.”

ಚನ್ನಮಲ್ಲ ಎದ್ದು ಹೋದ. ಅಪ್ಪ ಕಚೇರಿಗೆ ಹೋದ. ನನಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಒಬ್ಬ ಮನುಷ್ಯನ ಅನ್ನ ಉಳಿಯುವುದಾದರೆ ಸುಳ್ಳು ನಗೆ ನಕ್ಕರೇನಾಯಿತು, ಇಷ್ಟು ವರ್ಷ ನಕ್ಕದ್ದೇನು ನಿಜದ್ದೇ ಎಂದು ಅವ್ವನ ಮುಂದೆ ಒದರಾಡಿದೆ. ಅವ್ವ ಕಸ ಹೊಡೆಯುತ್ತಲೇ ಇದ್ದಳು.

ಆ ಸಂಜೆ ದೀಪ ಹಚ್ಚಿದ ಮೇಲೆ ನಾವು ತಟ್ಟಿಯ ಹಿಂದೆ ಹೋಗಿ ಕೂತೆವು. ಹಿಂದಿನ ದಿನ ಸತ್ತ ಕೂಸಿಗೆ ನಕ್ಕ ನಾಚಿಕೆಯಿಂದ ಸಾಹೇಬರು ತರ್ಜುಮೆಯೇ ಬೇಡವೆಂದು ಗಿರ್ದಾವರನನ್ನು ಹಿಂದಿನ ಸಾಲಿಗೆ ಕಳಿಸಿದ್ದರು. ಅಪ್ಪನನ್ನು ಮಾತ್ರ ಏಳು ಎನ್ನಲು ಅವರಿಗೆ ಭಾಷೆ ಇರಲಿಲ್ಲವೋ ಏನೋ, ಅಪ್ಪ ಸ್ಟೂಲಿನ ಮೇಲೆಯೇ ಇದ್ದ. ಕೆಲಸವಿರಲಿಲ್ಲ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಜೀವಮಾನದಲ್ಲಿ ಮೊದಲ ಸಲ ನಾಟಕ ನೋಡಲು ಬಂದವನಂತೆ ಕೂತಿದ್ದ. ಊರಿನ ಕಣ್ಣೆಲ್ಲ ಅವನ ಬೆನ್ನಿನ ಮೇಲೆ. ನಾನೂ ತಟ್ಟಿಯ ಸಂದಿಯಿಂದ ಅಲ್ಲಿಗೇ ನೋಡುತ್ತಿದ್ದೆ.

ಚನ್ನಮಲ್ಲ ಬಂದ. ಊಟಕ್ಕೆ ಕೂಡುವ ಮಣೆಯನ್ನು ಎಡವಿದ. ಅದನ್ನೂ ಅಳಿಯನ ಸಂಕೋಚವೆಂದು ತಿಳಿದು ಜನ ಮೆಚ್ಚಿದರು. ತಾಟಿನ ಮೇಲೆ ಕೈ ಅಡ್ಡ ಹಿಡಿದ. ಬೆರಳು ಒಂದೊಂದೇ ಅಗಲಿಸಿದ. ಅತ್ತೆ ಗಡಿಗೆ ಒಯ್ದಳು. ಅವನು ತನ್ನ ಮಾತು ಹೇಳಿದ, ಅತ್ತೆ ತನ್ನದನ್ನು ಹೇಳಿದಳು.

ಆಗ ಒಂದು ಸಪ್ಪಳ ಕೇಳಿಸಿತು. ಎಣ್ಣೆ ಕಾಣದ ಬಾವಿಯ ರಾಟಿ ತಿರುಗಿದರೆ ಹೇಗೋ ಹಾಗೆ. ಒಮ್ಮೆ ಕಿರ್ರೆಂದು ನಿಂತಿತು. ಮತ್ತೆ ಶುರುವಾದದ್ದು ನಿಲ್ಲಲಿಲ್ಲ. ನೋಡಿದರೆ ಸ್ಟೂಲಿನ ಮೇಲೆ ಅಪ್ಪನ ಹೆಗಲು ಕುಣಿಯುತ್ತಿದ್ದವು. ಸಾಹೇಬರು ತಿರುಗಿ ನೋಡಿದರು. ಅಪ್ಪ ಗಾಬರಿಯಿಂದ ಎದ್ದು ನಿಂತು ಕೈ ಮುಗಿದ, ಮಾಫಿ ಹುಜೂರ್ ಎನ್ನಲು ಹೋದ. ಮಾ ಎಂಬಷ್ಟು ಬಂತು, ಉಳಿದದ್ದು ನಗೆಯಲ್ಲಿ ಮುಳುಗಿತು. ಮುಗಿದ ಕೈಯ ಬೆರಳು ಅಗಲಿಸಿ ರಂಗದ ಕಡೆ ತೋರಿಸಿ, ಮತ್ತೆ ಬಗ್ಗಿ ಬಗ್ಗಿ ನಕ್ಕ. ಊರು ಯಾರನ್ನೂ ಕಾಯಲಿಲ್ಲ. ಬಂಡಿಯವರು ಗೌಡರಿಗಿಂತ ಮೊದಲು ನಕ್ಕರು. ಸಾಹೇಬರಿಗೆ ಏನು ತಿಳಿಯಿತೋ ಗೊತ್ತಿಲ್ಲ, ಅವರು ಎಲ್ಲರಿಗಿಂತ ಕಡೆಗೆ ನಕ್ಕರು.

ಪಜೀತಿಯಾದದ್ದು ಚನ್ನಮಲ್ಲನಿಗೆ. ಚಿತ್ತಾಪುರದಲ್ಲಿ ನಗೆ ಹೊತ್ತಿಗೆ ಸರಿಯಾಗಿ ಬಂದರೆ ಏನು ಮಾಡಬೇಕೆಂದು ಅವನು ಎಂದೂ ಕಲಿತಿರಲಿಲ್ಲ. ಅರ್ಧ ಬಿಚ್ಚಿದ ಪಟಗಾ ಕೈಯಲ್ಲಿ ಹಿಡಿದು, ಮುಂದಿನ ಮಾತು ಮರೆತು, ಬಾಯಿ ತೆರೆದು ನಿಂತುಬಿಟ್ಟ. ಅದಕ್ಕೂ ಜನ ನಕ್ಕರು. ಅವನ ಟ್ರಂಕು ಟೇಶನ್ನಿಗೆ ಹೋಗಲಿಲ್ಲ, ಹೆಂಡತಿಯ ಹಂಚು ಒಲೆಯ ಮೇಲೆಯೇ ಉಳಿಯಿತು. ಹೊಸ ಸಾಹೇಬರು ಅಪ್ಪನ ಬೇಅದಬಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೂ ಅಪ್ಪನಿಗೆ ತಿಳಿಯುತ್ತಿರಲಿಲ್ಲ.

ಇನ್ನು ದೀಪಾವಳಿ ಹೊತ್ತಿಗೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುತ್ತದಂತೆ, ಕಚೇರಿಗೆಲ್ಲ ಕನ್ನಡ ಬರುತ್ತದಂತೆ. ಬರಲಿ. ನಾನು ಆ ಸಂಜೆಯನ್ನು ನೆನೆಯುವುದು ಅದಕ್ಕಲ್ಲ. ಆಚೆ ಊರೆಲ್ಲ ನಗುತ್ತಿದ್ದಾಗ ತಟ್ಟಿಯ ಈಚೆ ಎಲ್ಲ ಹೆಂಗಸರೂ ನಗುತ್ತಿದ್ದರು, ನಮ್ಮವ್ವ ಒಬ್ಬಳನ್ನು ಬಿಟ್ಟು. ಅವಳು ಸಂದಿಗೆ ಕಣ್ಣು ಹಚ್ಚಿ ಸುಮ್ಮನೆ ನೋಡುತ್ತಿದ್ದಳು. ಯಾಕವ್ವಾ ಎಂದು ಭುಜ ಅಲುಗಿಸಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

“ಲಗ್ನಾಗಿ ಇಷ್ಟು ವರ್ಷಾತು. ಆ ಸಪ್ಪಳ ಯಾರದಂತ ನನಗ ಗುರ್ತೇ ಹತ್ತಲಿಲ್ಲ ನೋಡು,” ಎಂದಳು.